ಹೊರಮೈಯ ಗುರುತು, ಒಳಗಿನ ಕಸುವು



ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಊಟ ಮುಗಿಸಿ ಅಂಗಳದಲ್ಲಿ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಸುರಪುರ ತಾಲ್ಲೂಕಿನ ಹಳ್ಳಿಯೊಂದರವನು. ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತಿದ್ದವನು. ಮೂಳೆಯೊಳಗಿನ ಮಜ್ಜೆಗೆ ತಗಲುವ ಮೈಲೋಮಾ ಎಂಬ ಕ್ಯಾನ್ಸರಿಗಾಗಿ ದೂರದ ನಗರವೊಂದರ ಆಸ್ಪತ್ರೆಯಲ್ಲಿದ್ದ. ಅವನದೇ ರಕ್ತದಿಂದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು ತೆಗೆದು ಶೈತ್ಯದಲ್ಲಿ ಕಾಪಿಟ್ಟು, ಬಲವಾದ ಔಷಧಿಯಿಂದ ರೋಗಗ್ರಸ್ತ ಮಜ್ಜೆಯನ್ನು ಬರಿದುಮಾಡಿ, ಮತ್ತೆ ಆ ಕೋಶಗಳನ್ನೇ ಮೈಗೆ ಹರಿಸುವ ಚಿಕಿತ್ಸೆ ನಡೆಯಬೇಕಿತ್ತು.

“ಸರ, ನೀವು ನಮಗ ಜೀವಶಾಸ್ತ್ರ ಹೇಳಿಕೊಟ್ಟವರು. ಮೊದಲ ದಿನ ಸಿಡಿ34 ಅನ್ನೋದು ಕೆ.ಜಿ.ಗೆ 13 ಲಕ್ಷ ಬಂದದ. ಎರಡನೇ ದಿನ 15 ಲಕ್ಷ. ಒಟ್ಟು 28 ಲಕ್ಷ. ಇಪ್ಪತ್ತು ಲಕ್ಷ ಇದ್ರ ಸಾಕು, ಐವತ್ತು ಲಕ್ಷ ಇದ್ರ ಚಲೋ ಅಂತ ಹೇಳ್ಯಾರ. ಆದ್ರ ನನಗೊಂದು ಸಂಶಯ ರೀ. ಅವರು ಎಣಿಸೋದು ಕೋಶದ ಮ್ಯಾಲಿನ ಗುರುತು ಅಲ್ಲೇನ್ರಿ? ಗುರುತು ಇದ್ದದ್ದೆಲ್ಲಾ ಕೆಲಸ ಮಾಡ್ತಾವೇನ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. “ತಮ್ಮಾ, ವೈದ್ಯರ ಮೇಲೆ ಭರವಸೆ ಇಡು, ನಾನು ಓದಿ ಹೇಳುತ್ತೇನೆ” ಎಂದಷ್ಟೇ ಹೇಳಿ ಕರೆ ಮುಗಿಸಿದೆ. ಅಂದು ನಿದ್ದೆ ಬರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿ ಇದೇ ಹುಡುಗನಿಗೆ “ನಿನಗೆ ವಿಜ್ಞಾನ ಹತ್ತುವುದಿಲ್ಲ” ಎಂದು ಎಲ್ಲರೆದುರು ಅಂದಿದ್ದೆ. ಈ ವಿಷಯದಲ್ಲಿ ಕೇಳಬೇಕಾದ ಮೂಲಭೂತ ಪ್ರಶ್ನೆಯನ್ನೇ ಅವನು ರೋಗಶಯ್ಯೆಯಿಂದ ಕೇಳಿದ್ದ. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮೆಲ್ಲರಿಗೂ ಒಪ್ಪಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಕಾಲದಲ್ಲಿ ‘ರಕ್ತಕಣಗಳು ಅಸ್ಥಿಮಜ್ಜೆಯಲ್ಲಿ ಹುಟ್ಟುತ್ತವೆ’ ಎಂಬ ಒಂದು ವಾಕ್ಯಕ್ಕೆ ನಮ್ಮ ಪಾಠ ಮುಗಿಯುತ್ತಿತ್ತು. ಆ ಒಂದು ವಾಕ್ಯದ ಹಿಂದೆ ಎಷ್ಟು ದೊಡ್ಡ ಕಾರ್ಖಾನೆಯಿದೆ ನೋಡಿರಿ. ವಯಸ್ಕನ ಮೈಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹೊಸದಾಗಿ ಹುಟ್ಟುತ್ತವೆ. ಕೆಂಪುಕಣದ ಆಯುಷ್ಯ ಸುಮಾರು 120 ದಿನ. ಹಳೆಯವು ಸಾಯುತ್ತವೆ, ಹೊಸವು ಬರುತ್ತವೆ. ಈ ಎಲ್ಲಕ್ಕೂ ಮೂಲವಾದ ಆಕರಕೋಶಗಳು ಮಾತ್ರ ಬಹಳ ಕಡಿಮೆ. ಅವುಗಳಿಗೆ ಎರಡು ಲಕ್ಷಣಗಳಿರಬೇಕು. ತನ್ನಂಥದೇ ಇನ್ನೊಂದು ಕೋಶವನ್ನು ಹುಟ್ಟಿಸಿಕೊಂಡು ವಂಶ ಉಳಿಸಿಕೊಳ್ಳುವುದು ಒಂದು. ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೊದಲಾದ ಎಲ್ಲ ಬಗೆಯ ಸಂತಾನವನ್ನೂ ಕೊಡುವುದು ಇನ್ನೊಂದು. ಗಮನಿಸಿರಿ, ಈ ಎರಡೂ ಕೆಲಸದ ಲಕ್ಷಣಗಳು, ರೂಪದ ಲಕ್ಷಣಗಳಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಕರಕೋಶವು ಯಾವುದೋ ಸಾಧಾರಣ ಬಿಳಿಕಣದಂತೆಯೇ ಕಾಣುತ್ತದೆ.

ಇದರ ಚರಿತ್ರೆ ಒಂದು ಘೋರ ಘಟನೆಯ ನೆರಳಿನಲ್ಲಿ ಆರಂಭವಾಗುತ್ತದೆ. 1945ರ ಆಗಸ್ಟ್ 6 ಮತ್ತು 9ರಂದು ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದಾಗ, ಸ್ಫೋಟದಲ್ಲಿ ಬದುಕುಳಿದ ಅನೇಕರು ಕೆಲವು ವಾರಗಳ ಬಳಿಕ ರಕ್ತಸ್ರಾವದಿಂದಲೂ ಸೋಂಕಿನಿಂದಲೂ ಸತ್ತರು. ವಿಕಿರಣವು ಅವರ ಮಜ್ಜೆಯನ್ನು ಬತ್ತಿಸಿತ್ತು. 1949ರಲ್ಲಿ ಷಿಕಾಗೋದ ಲಿಯಾನ್ ಜೇಕಬ್ಸನ್ ಅವರು ಇಲಿಯ ಗುಲ್ಮವನ್ನು ಸೀಸದಿಂದ ಮರೆಮಾಡಿದರೆ ಅದು ಮಾರಕ ವಿಕಿರಣದಿಂದಲೂ ಪಾರಾಗುತ್ತದೆಂದು ತೋರಿಸಿದರು. 1951ರಲ್ಲಿ ಇನ್ನೊಂದು ಇಲಿಯ ಮಜ್ಜೆಯನ್ನು ಚುಚ್ಚಿದರೂ ಅದೇ ಫಲ ದೊರೆಯುವುದೆಂದು ತಿಳಿಯಿತು. ಮಜ್ಜೆಯಲ್ಲಿ ಯಾವುದೋ ಜೀವದಾಯಕ ವಸ್ತುವಿದೆ, ಆದರೆ ಅದು ಯಾವುದೆಂದು ತಿಳಿಯದು.

ಉತ್ತರ ಬಂದದ್ದು ಕೆನಡಾದ ಟೊರಾಂಟೋ ನಗರದಿಂದ. ಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕಲಕ್ ಇಬ್ಬರೂ ಕೂಡಿ ವಿಕಿರಣಕ್ಕೊಳಗಾದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಕೊಟ್ಟರು. ಒಂದು ಭಾನುವಾರ ಪ್ರಯೋಗಾಲಯಕ್ಕೆ ಬಂದ ಮೆಕಲಕ್, ಹತ್ತು ದಿನಗಳಾಗಿದ್ದ ಇಲಿಗಳ ಗುಲ್ಮದ ಮೇಲೆ ಗಂಟುಗಂಟಾದ ಉಬ್ಬುಗಳನ್ನು ಕಂಡರು. ಎಣಿಸಿದರು. ಹೆಚ್ಚು ಕೋಶ ಕೊಟ್ಟಲ್ಲಿ ಅದೇ ಪ್ರಮಾಣದಲ್ಲಿ ಹೆಚ್ಚು ಗಂಟು. ಸುಮಾರು 10,000 ಮಜ್ಜೆಕೋಶಗಳಿಗೆ ಒಂದರಂತೆ. 1961ರಲ್ಲಿ ಇದನ್ನು ಪ್ರಕಟಿಸಿದರು. ಪ್ರತಿಯೊಂದು ಗಂಟೂ ಒಂದೇ ಒಂದು ಕೋಶದ ಸಂತಾನವೆಂಬುದನ್ನು 1963ರಲ್ಲಿ ಆಂಡ್ರ್ಯೂ ಬೆಕರ್ ಅವರೊಡನೆ ಸಾಧಿಸಿ ತೋರಿಸಿದರು. ಬೀಜ ಬಿತ್ತಿ ಬೆಳೆ ನೋಡುವ ಪರೀಕ್ಷೆಯಿದು. ಕೋಶದ ಮುಖವನ್ನು ಯಾರೂ ನೋಡಲಿಲ್ಲ. ಅದು ಮಾಡಿದ ಕೆಲಸವನ್ನು ಮಾತ್ರ ನೋಡಿದರು.

ಈ ವಿಧಾನದಲ್ಲೂ ಒಂದು ಕೊರತೆಯಿತ್ತು. ಗುಲ್ಮದ ಗಂಟುಗಳಲ್ಲಿ ಹೆಚ್ಚಿನವು ನಿಜವಾದ ಆಕರಕೋಶದವಲ್ಲ, ಅದಕ್ಕಿಂತ ಒಂದೆರಡು ತಲೆಮಾರು ಕೆಳಗಿನ, ಕೆಲಕಾಲ ಮಾತ್ರ ದುಡಿದು ಮುಗಿದುಹೋಗುವ ಕೋಶಗಳವು ಎಂದು ಮುಂದೆ, 1980ರ ದಶಕದಲ್ಲಿ, ತಿಳಿದುಬಂತು. ತಿಂಗಳುಗಟ್ಟಲೆ ಎಲ್ಲ ಬಗೆಯ ರಕ್ತವನ್ನೂ ಕೊಡಬೇಕು. ಆ ಇಲಿಯ ಮಜ್ಜೆಯನ್ನು ಇನ್ನೊಂದಕ್ಕೆ ಕೊಟ್ಟರೆ ಅಲ್ಲಿಯೂ ಕೊಡಬೇಕು. ಆಗಲೇ ಅದು ನಿಜವಾದ ಆಕರಕೋಶ. ಪರೀಕ್ಷೆ ಇಷ್ಟು ಕಠಿಣವಾದ ಮೇಲೆ ಒಂದು ತೊಡಕು ಎದುರಾಯಿತು. ಕೋಶದ ಯೋಗ್ಯತೆ ತಿಳಿಯುವ ಹೊತ್ತಿಗೆ ಅದು ಖರ್ಚಾಗಿಹೋಗಿರುತ್ತದೆ. ಬಿತ್ತಿದ ಬೀಜವನ್ನು ಮರಳಿ ಚೀಲಕ್ಕೆ ತುಂಬುವುದು ಸಾಧ್ಯವೇ? ಬಿತ್ತುವ ಮುನ್ನವೇ ಬೀಜವನ್ನು ಗುರುತಿಸುವ ಉಪಾಯ ಬೇಕಾಗಿತ್ತು.

ಹೊರಮೈ ಗುರುತುಗಳ ಕಾಲ ಹೀಗೆ ಬಂದಿತು. ಪ್ರತಿ ಜೀವಕೋಶದ ಹೊರಪೊರೆಯ ಮೇಲೂ ನಾನಾ ಬಗೆಯ ಪ್ರೋಟೀನುಗಳು ಚಾಚಿಕೊಂಡಿರುತ್ತವೆ. 1975ರಲ್ಲಿ ಕೇಂಬ್ರಿಜಿನ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಅವರು ಒಂದೇ ಗುರಿಗೆ ಅಂಟುವ ಏಕರೂಪದ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕಂಡುಹಿಡಿದರು; 1984ರಲ್ಲಿ ಅವರಿಗೆ ನೊಬೆಲ್ ಬಂದಿತು. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವು ತನಗೆ ಗೊತ್ತಾದ ಪ್ರೋಟೀನಿಗೆ ಮಾತ್ರ ಅಂಟುತ್ತದೆ. ಸ್ಟ್ಯಾನ್‌ಫರ್ಡಿನ ಲಿಯನಾರ್ಡ್ ಹರ್ಜನ್‌ಬರ್ಗ್ ಅವರ ತಂಡ ರೂಪಿಸಿದ ಯಂತ್ರದಲ್ಲಿ ಕೋಶಗಳು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಹೊಳೆದವನ್ನು ಒಂದು ಕಡೆಗೆ, ಹೊಳೆಯದವನ್ನು ಇನ್ನೊಂದು ಕಡೆಗೆ ಯಂತ್ರವೇ ಬೇರ್ಪಡಿಸುತ್ತದೆ. ಹೀಗೆ ಕಂಡ ಗುರುತುಗಳಿಗೆಲ್ಲ ಒಂದೇ ಬಗೆಯ ಹೆಸರಿಡಲು 1982ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಸಭೆ ನಡೆಯಿತು. ಸಿಡಿ ಎಂಬ ಅಕ್ಷರಗಳೂ ಮುಂದಿನ ಅಂಕಿಯೂ ಆ ಪದ್ಧತಿಯವು. ಆ ಅಂಕಿ ಹಾಜರಿಪಟ್ಟಿಯ ಕ್ರಮಸಂಖ್ಯೆ ಇದ್ದಂತೆ, ಗುಣವನ್ನೇನೂ ಹೇಳುವುದಿಲ್ಲ.

1984ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸಿನ ಕರ್ಟ್ ಸಿವಿನ್ ಮತ್ತು ಸಂಗಡಿಗರು, ಒಂದು ರಕ್ತಕ್ಯಾನ್ಸರಿನ ಕೋಶಗಳನ್ನು ಬಳಸಿ ತಯಾರಿಸಿದ ಪ್ರತಿಕಾಯವೊಂದು ಸಹಜ ಮಜ್ಜೆಯ ಶೇಕಡಾ ಕೆಲವೇ ಕೋಶಗಳಿಗೆ ಅಂಟುವುದನ್ನೂ, ಆ ಕೆಲವೇ ಕೋಶಗಳಲ್ಲಿ ರಕ್ತ ಹುಟ್ಟಿಸುವ ಎಳೆಯ ಕೋಶಗಳು ಸೇರಿರುವುದನ್ನೂ ಕಂಡರು. ಆ ಗುರುತಿಗೆ ಸಿಡಿ34 ಎಂದು ಹೆಸರಾಯಿತು. 1988ರಲ್ಲಿ ರೊನಾಲ್ಡ್ ಬೆರೆನ್‌ಸನ್ ಮೊದಲಾದವರು, ಮಾರಕ ವಿಕಿರಣಕ್ಕೊಳಗಾದ ಬಬೂನ್ ಕೋತಿಗಳಿಗೆ ಈ ಗುರುತುಳ್ಳ ಕೋಶಗಳನ್ನು ಮರಳಿ ಕೊಟ್ಟಾಗ ರಕ್ತೋತ್ಪತ್ತಿ ಮರುಕಳಿಸುವುದೆಂದು ತೋರಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಇರ್ವಿಂಗ್ ವೈಸ್‌ಮನ್ ಅವರ ತಂಡವು ಕೆಲವು ಗುರುತುಗಳು ಇರುವ, ಕೆಲವು ಇಲ್ಲದ ಕೋಶಗಳನ್ನು ಇಲಿಯ ಮಜ್ಜೆಯಿಂದ ಆರಿಸಿ ತೆಗೆಯಿತು. ಅಂಥ ಸುಮಾರು 30 ಕೋಶಗಳು ಮಾರಕ ವಿಕಿರಣ ಪಡೆದ ಇಲಿಗಳಲ್ಲಿ ಅರ್ಧದಷ್ಟನ್ನು ಬದುಕಿಸಬಲ್ಲವಾಗಿದ್ದವು. ಲೋಕ ಬೆರಗಾಯಿತು. ಕೊನೆಗೂ ಆಕರಕೋಶದ ಮುಖಪರಿಚಯವಾಯಿತೆಂದು ಎಲ್ಲರೂ ಭಾವಿಸಿದರು.

ಇಲ್ಲಿ ನಮ್ಮ ಶಹಾಪುರದ ಗುಡ್ಡ ನೆನಪಾಗುತ್ತದೆ. ಊರ ಹೊರಗಿನ ರಸ್ತೆಯಲ್ಲಿ ಗೊತ್ತಾದ ಒಂದು ಜಾಗದಿಂದ ನೋಡಿದರೆ ಆ ಗುಡ್ಡಗಳ ಸಾಲು ಮಲಗಿದ ಬುದ್ಧನಂತೆಯೇ ಕಾಣುತ್ತದೆ; ಹಣೆ, ಮೂಗು, ತುಟಿ, ಎದೆ ಎಲ್ಲವೂ ಸ್ಪಷ್ಟ. ನಾಲ್ಕು ಹೆಜ್ಜೆ ಆಚೆ ಸರಿದರೆ ಬುದ್ಧನಿಲ್ಲ, ಬಂಡೆಗಳಿವೆ. ಗುಡ್ಡ ಬದಲಾಗಲಿಲ್ಲ, ನಿಂತ ಜಾಗ ಬದಲಾಯಿತು. ಸಿಡಿ34ರ ವಿಷಯದಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಯಿತು.

1996ರಲ್ಲಿ ಜಪಾನಿನ ಹಿರೊಮಿತ್ಸು ನಕೌಚಿ ಅವರ ತಂಡವು ಸಿಡಿ34 ಇಲ್ಲದ, ಅಥವಾ ತೀರ ಕಡಿಮೆ ಇರುವ ಒಂದೇ ಒಂದು ಕೋಶವನ್ನು ಒಂದು ಇಲಿಗೆ ಕೊಟ್ಟಿತು. ಹೀಗೆ ಪಡೆದ ಇಲಿಗಳಲ್ಲಿ ಶೇ. 21ರಲ್ಲಿ ಆ ಒಂದೇ ಕೋಶದಿಂದ ರಕ್ತ ದೀರ್ಘಕಾಲ ಹುಟ್ಟಿತು! ಅಂದರೆ ವಯಸ್ಕ ಇಲಿಯಲ್ಲಿ ನಿಜವಾದ ಆಕರಕೋಶ, ಮನುಷ್ಯರಲ್ಲಿ ನಾವು ಹುಡುಕುವ ಗುರುತೇ ಇಲ್ಲದ ಗುಂಪಿನಲ್ಲಿತ್ತು. 1999ರಲ್ಲಿ ಮಕಿಯೋ ಒಗಾವಾ ಅವರ ತಂಡವು ಇನ್ನೊಂದು ಸಂಗತಿಯನ್ನು ಕಂಡಿತು. ಔಷಧಿಯಿಂದ ಮಜ್ಜೆಗೆ ಪೆಟ್ಟುಬಿದ್ದು ಆಕರಕೋಶಗಳು ಎಚ್ಚೆತ್ತು ದುಡಿಯತೊಡಗಿದಾಗ ಅವುಗಳ ಮೇಲೆ ಸಿಡಿ34 ಮೂಡುತ್ತದೆ. ಮಜ್ಜೆ ಚೇತರಿಸಿಕೊಂಡು ಅವು ಮತ್ತೆ ವಿಶ್ರಾಂತಿಗೆ ಸಂದಾಗ ಆ ಗುರುತು ಮರೆಯಾಗುತ್ತದೆ. ಕೋಶದ ಕಸುವು ಉಳಿದೇ ಇತ್ತು. ಬದಲಾದದ್ದು ಮುಖ ಮಾತ್ರ. ಗುರುತು ಕೋಶದ ಜಾತಿಯನ್ನಲ್ಲ, ಆ ಹೊತ್ತಿನ ಅದರ ಸ್ಥಿತಿಯನ್ನು ಹೇಳುತ್ತಿರಬಹುದೆಂಬ ಎಚ್ಚರಿಕೆ ಅಂದಿನಿಂದ ಮೂಡಿತು.

2005ರಲ್ಲಿ ಅಮೆರಿಕದ ಮಿಷಿಗನ್ನಿನ ಶಾನ್ ಮಾರಿಸನ್ ಅವರ ತಂಡವು ಸಿಡಿ150 ಇದ್ದು ಸಿಡಿ48 ಇಲ್ಲದ ಕೋಶಗಳನ್ನು ಆರಿಸಿತು. ಇಲಿಯಲ್ಲಿ ಅಂಥ ಕೋಶಗಳಲ್ಲಿ ಹೆಚ್ಚುಕಡಿಮೆ ಎರಡಕ್ಕೆ ಒಂದು ನಿಜವಾದ ಆಕರಕೋಶ. ಇದಕ್ಕಿಂತ ಸರಳವಾದ, ನಿಖರವಾದ ಗುರುತು ಹಿಂದೆ ಇರಲಿಲ್ಲ. ಆದರೆ ಅದೇ ಗುರುತನ್ನು ಮನುಷ್ಯರಲ್ಲಿ ಹುಡುಕಿದಾಗ ಅದು ಫಲ ಕೊಡಲಿಲ್ಲವೆಂದು 2011ರಲ್ಲಿ ವರದಿಯಾಯಿತು. ಅದೇ 2011ರಲ್ಲಿ ಟೊರಾಂಟೋದ ಜಾನ್ ಡಿಕ್ ಅವರ ತಂಡವು, ಸಿಡಿ49ಎಫ್ ಎಂಬ ಗುರುತನ್ನೂ ಜೊತೆಗೆ ಸೇರಿಸಿಕೊಂಡು ಆರಿಸಿದ ಮನುಷ್ಯನ ಒಂದೇ ಒಂದು ಕೋಶವು ಇಲಿಯ ಮೈಯಲ್ಲಿ ಮನುಷ್ಯರಕ್ತದ ಹಲವು ಬಗೆಯ ಕೋಶಗಳನ್ನು ಹುಟ್ಟಿಸಬಲ್ಲುದೆಂದು ತೋರಿಸಿತು. ಟಿಲ್ ಮತ್ತು ಮೆಕಲಕ್ ಗಂಟು ಎಣಿಸಿದ ಊರಿನಲ್ಲಿಯೇ, ಐವತ್ತು ವರ್ಷಗಳ ಬಳಿಕ!

ಹಾಗಾದರೆ ಗುರುತಿಗೂ ಕೆಲಸಕ್ಕೂ ಸಂಬಂಧವೇ ಇಲ್ಲವೇ? ಹಾಗೆ ಹೇಳಲಾಗದು. ಗುರುತುಗಳಲ್ಲಿ ಎರಡು ಬಗೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಕೆಲವು ಹಣೆಪಟ್ಟಿಯಂಥವು, ಕೆಲವು ಕೈಯೊಳಗಿನ ಉಪಕರಣದಂಥವು. ಸಿಡಿ34 ಅನ್ನು ವಂಶವಾಹಿಯಿಂದಲೇ ತೆಗೆದುಹಾಕಿದ ಇಲಿಗಳು ಹುಟ್ಟುತ್ತವೆ, ಬದುಕುತ್ತವೆ; ಅವುಗಳ ರಕ್ತೋತ್ಪತ್ತಿ ನಿಲ್ಲುವುದಿಲ್ಲ. ಆದ್ದರಿಂದ ಅದು ಬಹುಪಾಲು ಹಣೆಪಟ್ಟಿ. ಕಿಟ್ ಎಂಬ ಇನ್ನೊಂದು ಪ್ರೋಟೀನು ಹಾಗಲ್ಲ. ಸುತ್ತಲಿನ ಕೋಶಗಳು ಕಳಿಸುವ ‘ಬದುಕು, ಬೆಳೆ’ ಎಂಬ ಸಂದೇಶವನ್ನು ಹಿಡಿಯುವ ಕೈ ಅದು. ಅದು ಪೂರ್ತಿ ಕೆಟ್ಟರೆ ಇಲಿಮರಿ ತೀವ್ರ ರಕ್ತಹೀನತೆಯಿಂದ ಸಾಯುತ್ತದೆ. ಸಿಎಕ್ಸ್‌ಸಿಆರ್4 ಎಂಬುದು ಆಕರಕೋಶವನ್ನು ಮಜ್ಜೆಯೊಳಗೆ ಹಿಡಿದು ನಿಲ್ಲಿಸುವ ಲಂಗರು. ಆ ಲಂಗರನ್ನು ತಡೆಯುವ ಪ್ಲೆರಿಕ್ಸಫೋರ್ ಎಂಬ ಔಷಧಿಗೆ 2008ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ಕೊಟ್ಟರೆ ಆಕರಕೋಶಗಳು ಮಜ್ಜೆ ಬಿಟ್ಟು ರಕ್ತಕ್ಕೆ ಇಳಿಯುತ್ತವೆ, ಆಗ ಅವನ್ನು ಸಂಗ್ರಹಿಸುವುದು ಸುಲಭ.

ಗುರುತು ಬೇರೆ, ಕಸುವು ಬೇರೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಹಳೆಯ ನಿದರ್ಶನವುಂಟು. 1952ರಲ್ಲಿ ಮುಂಬಯಿಯ ಡಾ. ಭೇಂಡೆ ಮತ್ತು ಸಂಗಡಿಗರು ‘ಬಾಂಬೆ ರಕ್ತಗುಂಪು’ ಎಂದು ಹೆಸರಾದ ಅಪರೂಪದ ರಕ್ತವನ್ನು ಜಗತ್ತಿಗೆ ತಿಳಿಸಿದರು. ಇವರ ಕೆಂಪುಕಣಗಳ ಮೇಲೆ ಎ, ಬಿ ಗುರುತುಗಳಿಗೆ ತಳಹದಿಯಾದ ಎಚ್ ಎಂಬ ಗುರುತೇ ಇರುವುದಿಲ್ಲ. ಆದರೂ ಆ ಕಣಗಳು ಆಮ್ಲಜನಕವನ್ನು ಎಲ್ಲರ ಕಣಗಳಂತೆಯೇ ಹೊರುತ್ತವೆ. ಆ ಜನ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಅವರಿಗೆ ರಕ್ತ ಬೇಕಾದಾಗ ಅದೇ ಗುಂಪಿನ ರಕ್ತವೇ ಬೇಕು, ಓ ಗುಂಪಿನದೂ ಒಗ್ಗದು. ಗುರುತಿಲ್ಲವೆಂದು ಕೆಲಸ ಕೆಡಲಿಲ್ಲ. ಹಾಗೆಂದು ಗುರುತನ್ನು ಕಡೆಗಣಿಸಿದರೆ ಜೀವ ಉಳಿಯದು. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಕಸುವಿನ ನಿಯಂತ್ರಣ ಎಷ್ಟೋ ಸಲ ಹೊರಮೈಯಲ್ಲಿ ಇರುವುದೇ ಇಲ್ಲ. ಇದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾ. ಮನೀಷಾ ಇನಾಮದಾರ್ ಅವರ ತಂಡ ಒಂದು ಪ್ರೋಟೀನನ್ನು ಗುರುತಿಸಿ ಅದಕ್ಕೆ ‘ಅಸೃಜ್’ ಎಂದು ಹೆಸರಿಟ್ಟಿತು. ಸಂಸ್ಕೃತದಲ್ಲಿ ಅದಕ್ಕೆ ರಕ್ತವೆಂದೇ ಅರ್ಥ. ಅದು ಕೋಶದ ಒಳಗೆ ಇರುವಂಥದು. ಅದಿಲ್ಲದ ಇಲಿಗಳಲ್ಲಿ ರಕ್ತದ ಆಕರಕೋಶಗಳು ತಮ್ಮ ವಿಶ್ರಾಂತಿಯನ್ನು ಕಳೆದುಕೊಂಡು ಅತಿಯಾಗಿ ವಿಭಜನೆಗೊಳ್ಳುತ್ತವೆಂದು 2019ರಲ್ಲಿ ಅವರು ಪ್ರಕಟಿಸಿದರು. ಹೊರಗಿನಿಂದ ನೋಡಿ ಎಣಿಸಿದರೆ ಸಂಖ್ಯೆ ಹೆಚ್ಚು. ಒಳಗೆ ಮಾತ್ರ ಹತೋಟಿ ತಪ್ಪಿರುತ್ತದೆ.

ಸುರಪುರ ಸಂಸ್ಥಾನದಲ್ಲಿದ್ದ ಕರ್ನಲ್ ಮೆಡೋಸ್ ಟೇಲರ್ ಅವರ ಕತೆಯನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆ, ನೆನಪಿರಬಹುದು. ಈ ಸೀಮೆಯ ಬಯಲುಗಳಲ್ಲಿ ವೃತ್ತಾಕಾರವಾಗಿ ಇಟ್ಟ ಕಲ್ಲುಗಳನ್ನು ಕಂಡ ಅವರು, ನೆಲದ ಮೇಲಿನ ಆ ಗುರುತಿಗೆ ತೃಪ್ತರಾಗದೆ ಜೇವರ್ಗಿಯ ಬಳಿ ಅಗೆದು ನೋಡಿದರು. ಒಳಗೆ ಪ್ರಾಚೀನರ ಅಸ್ಥಿಗಳೂ ಮಡಕೆಗಳೂ ದೊರೆತವು. ಕಲ್ಲಿನ ವೃತ್ತವಿಲ್ಲದಿದ್ದರೆ ಎಲ್ಲಿ ಅಗೆಯಬೇಕೆಂದು ತಿಳಿಯುತ್ತಿರಲಿಲ್ಲ. ಅಗೆಯದಿದ್ದರೆ ಒಳಗೇನಿದೆಯೆಂದು ತಿಳಿಯುತ್ತಿರಲಿಲ್ಲ. ರಕ್ತವಿಜ್ಞಾನದಲ್ಲಿ ಗುರುತಿಗೂ ಪರೀಕ್ಷೆಗೂ ಇರುವ ನಂಟು ಇದೇ.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ದೇಶದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಆ ಕಾಲದಲ್ಲಿ ಸಂಗ್ರಹಿಸಿದ ಕೋಶಗಳಲ್ಲಿ ಕಸುವಿದೆಯೇ ಎಂದು ತಿಳಿಯಬೇಕಾದರೆ ಅವನ್ನು ತಟ್ಟೆಯಲ್ಲಿ ಬೆಳೆಸಿ ಸುಮಾರು 14 ದಿನ ಕಾಯಬೇಕಿತ್ತು. ಸಂಗ್ರಹ ಸಾಕೇ, ನಾಳೆಯೂ ತೆಗೆಯಬೇಕೇ ಎಂಬುದನ್ನು ಅಂದೇ ಸಂಜೆ ತೀರ್ಮಾನಿಸಬೇಕಾದ ವೈದ್ಯರಿಗೆ ಅದರಿಂದ ಪ್ರಯೋಜನವಿಲ್ಲ. ಸಿಡಿ34 ಎಣಿಕೆಯಾದರೋ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. 1990ರ ದಶಕದಲ್ಲಿ ನೂರಾರು ರೋಗಿಗಳ ಅನುಭವವನ್ನು ಕೂಡಿಸಿ ನೋಡಿದಾಗ, ಈ ಎಣಿಕೆ ಹೆಚ್ಚಿದಷ್ಟೂ ರಕ್ತ ಬೇಗ ಚೇತರಿಸಿಕೊಳ್ಳುವುದು ಸ್ಪಷ್ಟವಾಯಿತು. ಕೆ.ಜಿ.ಗೆ 20 ಲಕ್ಷ, 50 ಲಕ್ಷ ಎಂಬ ಅಳತೆಗಳು ಹೀಗೆ ಬಂದವು.

ಆ 28 ಲಕ್ಷದಲ್ಲಿ ಎಲ್ಲವೂ ಆಕರಕೋಶಗಳೇ? ಅಲ್ಲ. ಬಹುಪಾಲು ಅವುಗಳ ಮಕ್ಕಳು, ಮೊಮ್ಮಕ್ಕಳು. ಆದರೆ ಅವೂ ವ್ಯರ್ಥವಲ್ಲ. ಮೊದಲ ವಾರಗಳಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಕೊಟ್ಟು ಜೀವ ಹಿಡಿದು ನಿಲ್ಲಿಸುವುದು ಅವೇ. ಅವುಗಳ ನಡುವೆ ಅಡಗಿದ ಕೆಲವೇ ನಿಜವಾದ ಆಕರಕೋಶಗಳು ಮುಂದಿನ ವರ್ಷಗಳನ್ನು ನೋಡಿಕೊಳ್ಳುತ್ತವೆ. ಗುರುತುಳ್ಳ ಗುಂಪು ದೊಡ್ಡದಿದ್ದರೆ ಅದರೊಳಗೆ ನಿಜವಾದವೂ ಸಾಕಷ್ಟಿರುವ ಸಂಭವ ಹೆಚ್ಚು. ಅದು ಭರವಸೆ, ಪ್ರಮಾಣಪತ್ರವಲ್ಲ. ನಿಜವಾದ ಪರೀಕ್ಷೆ ಇಂದಿಗೂ ಟಿಲ್ ಮತ್ತು ಮೆಕಲಕ್ ಮಾಡಿದ್ದೇ: ಬಿತ್ತಿ, ಕಾದು ನೋಡುವುದು.

ಇದನ್ನೆಲ್ಲ ಓದಿ ಮೂರು ದಿನಗಳ ಬಳಿಕ ಅವನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, “ಅಂದ್ರ ಬೀಜ ಚಲೋ ಕಾಣ್ತದ, ಆದ್ರ ಮೊಳಕಿ ನೋಡಿಯೇ ಹೇಳಬೇಕು, ಅಲ್ಲೇನ್ರಿ?” ಎಂದ. ಮೂವತ್ತು ವರ್ಷ ಪಾಠ ಮಾಡಿದ ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಕೋಶಗಳನ್ನು ಮೈಗೆ ಹರಿಸಿದ ಮೇಲೆ ಅವನ ಬಿಳಿಕಣಗಳು ಹೆಚ್ಚುಕಡಿಮೆ ಸೊನ್ನೆಗೆ ಇಳಿದವು. ಅವನ ಹೆಂಡತಿ ದಿನಾಲೂ ಸಂಜೆ ಎಣಿಕೆಯನ್ನು ತಿಳಿಸುತ್ತಿದ್ದಳು; ನಾನು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದೆ. ಏಳನೇ ದಿನ, ಎಂಟನೇ ದಿನ, ಒಂಬತ್ತನೇ ದಿನ ಏನೂ ಇಲ್ಲ. ಜ್ವರ ಬಂದಿತು, ಇಳಿಯಿತು. ಹನ್ನೆರಡನೇ ದಿನ ನ್ಯೂಟ್ರೊಫಿಲ್ ಎಣಿಕೆ 500 ದಾಟಿತು, ಮರುದಿನವೂ ಇಳಿಯಲಿಲ್ಲ. ಆಗ ಅವನೇ ಕರೆ ಮಾಡಿದ. ದನಿ ಬಹಳ ಕ್ಷೀಣವಾಗಿತ್ತು. “ಸರ, ಮೊಳಕಿ ಬಂದದ ರೀ” ಎಂದ.

ಮೈಲೋಮಾಕ್ಕೆ ಈ ಚಿಕಿತ್ಸೆ ಸಾಮಾನ್ಯವಾಗಿ ಪೂರ್ಣ ಮುಕ್ತಿಯನ್ನು ಕೊಡುವುದಿಲ್ಲ. ರೋಗವನ್ನು ಹಿಂದಕ್ಕೆ ತಳ್ಳಿ ವರ್ಷಗಳನ್ನು ಗಳಿಸಿಕೊಡುತ್ತದೆ. ಅವನಿಗೂ ಅದು ಗೊತ್ತು. ಮಾತ್ರೆ ನಡೆದಿದೆ, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿ ಬರುತ್ತಾನೆ, ಹೊಲ ನೋಡಿಕೊಳ್ಳುತ್ತಾನೆ. ಕಳೆದ ಯುಗಾದಿಗೆ ಮನೆಗೆ ಬಂದಾಗ, ಅಂದು ತರಗತಿಯಲ್ಲಿ ಆಡಿದ ಮಾತಿಗಾಗಿ ಅವನ ಕ್ಷಮೆ ಕೇಳಿದೆ. ಅವನು ನಕ್ಕು, “ನೀವು ಅಂದದ್ದು ನನಗ ನೆನಪೇ ಇಲ್ಲ ಬಿಡ್ರಿ ಸರ” ಎಂದ. ನೆನಪಿತ್ತೆಂದು ಅವನ ಕಣ್ಣು ಹೇಳುತ್ತಿತ್ತು.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ಅಂಕಗಳನ್ನು ನೋಡಬೇಡಿರೆಂದು ನಾನು ಹೇಳುವುದಿಲ್ಲ. ಗುರುತಿಲ್ಲದೆ ವ್ಯವಹಾರ ನಡೆಯದು. ಆದರೆ ಗುರುತು ಕಾಣದ ಮಗುವನ್ನು ಕೊನೆಯ ಬೆಂಚಿಗೆ ಕಳಿಸುವ ಮುನ್ನ ಈ ಕತೆಯನ್ನು ಒಮ್ಮೆ ನೆನಪಿಸಿಕೊಂಡರೆ, ನಾನು ಬರೆದದ್ದು ಸಾರ್ಥಕ.